ಆಟದ ಆ್ಯಪ್‌ಗಳಲ್ಲಿ ಭಾಷಾ ಕಲಿಕೆ: ಲಾಭಗಳು ಮತ್ತು ಮಿತಿಗಳು

ಜರ್ಮನಿಗೆ ಹೊರಟ ಕನ್ನಡಿಗರು ವಿಮಾನ ಹತ್ತುವ ಮೊದಲೇ ಭಾಷೆ ಕಲಿಸುವ ಆ್ಯಪ್ ಒಂದನ್ನು ಫೋನಿಗೆ ಇಳಿಸಿಕೊಳ್ಳುವುದು ಈಗ ಸಾಮಾನ್ಯ. ಪಾಠ ಮುಗಿಸಿದರೆ ಅಂಕ, ದಿನ ತಪ್ಪದೆ ಕಲಿತರೆ ಬೆಳೆಯುವ ದಿನಗಳ ಸರಪಳಿ, ಅಪರಿಚಿತ ಸಹಪಾಠಿಗಳೊಡನೆ ವಾರದ ಪೈಪೋಟಿ: ಹೀಗೆ ಕಲಿಕೆಗೆ ಆಟದ ನಿಯಮಗಳನ್ನು ಅಳವಡಿಸುವ ಕ್ರಮಕ್ಕೆ ಗೇಮಿಫಿಕೇಶನ್ ಎಂದು ಹೆಸರು. ನಾನೂ ಜರ್ಮನ್ ಭಾಷೆಯನ್ನು ಹಾಗೆಯೇ ಆರಂಭಿಸಿದವನು. ಈ ಕ್ರಮ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದು ನನಗೆ ಸ್ಪಷ್ಟವಾದದ್ದು ರೋಗಿಯೊಬ್ಬರ ಹಾಸಿಗೆಯ ಪಕ್ಕದಲ್ಲಿ.

ಹಿನ್ನೆಲೆ

ಈ ಬಗೆಯ ಆ್ಯಪ್‌ಗಳಲ್ಲಿ ಹೆಚ್ಚು ಪರಿಚಿತವಾದದ್ದು ಡ್ಯುಯೊಲಿಂಗೊ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಗ್ವಾಟೆಮಾಲಾ ಮೂಲದ ಲೂಯಿಸ್ ಫಾನ್ ಆನ್ ಮತ್ತು ಅವರ ವಿದ್ಯಾರ್ಥಿ, ಸ್ವಿಟ್ಜರ್ಲೆಂಡಿನ ಸೆವೆರಿನ್ ಹ್ಯಾಕರ್ ರೂಪಿಸಿದ ಇದು 2012ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದರ ಬುನಾದಿಯಲ್ಲಿರುವ ತತ್ತ್ವ ಮಾತ್ರ ಹಳೆಯದು. ಜರ್ಮನ್ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದು ಮೊದಮೊದಲು ಬೇಗನೆ, ಅನಂತರ ನಿಧಾನವಾಗಿ ಮರೆಯುತ್ತದೆ. ಅಂತರ ಬಿಟ್ಟು ಮತ್ತೆ ಓದಿದರೆ ಹೆಚ್ಚು ಕಾಲ ಉಳಿಯುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನು ಚೀಟಿಗಳ ಪೆಟ್ಟಿಗೆಯಾಗಿಸಿದರು. ನೆನಪಾದ ಪದದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ಮರೆತದ್ದು ಮೊದಲ ಖಾನೆಗೆ ಬೀಳುತ್ತದೆ. ಆ್ಯಪ್ ಇದೇ ಲೆಕ್ಕವನ್ನು ನಮಗಾಗಿ ಇಡುತ್ತದೆ.

ಲಾಭಗಳು

ಮೊದಲನೆಯದು ಪದಸಂಪತ್ತು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪ್ರಶ್ನೆಗೆ ಉತ್ತರವಾಗಿ ನೆನಪಿನಿಂದ ಹೆಕ್ಕುವುದು ಹೆಚ್ಚು ಫಲಕಾರಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ಬಳಿಕ ಮರು ಓದಿದವರು ಮುಂದಿದ್ದರು. ಒಂದು ವಾರದ ಬಳಿಕ ತಮ್ಮನ್ನು ತಾವು ಪರೀಕ್ಷಿಸಿಕೊಂಡವರು ಮುಂದಿದ್ದರು. ಆ್ಯಪ್‌ನ ಪ್ರತಿ ಪಾಠವೂ ಇಂಥದೊಂದು ಕಿರುಪರೀಕ್ಷೆ.

ಎರಡನೆಯದು ಅಭ್ಯಾಸ. ಬಸ್ಸಿಗೆ ಕಾಯುವ ಹತ್ತು ನಿಮಿಷವೂ ಪಾಠದ ಹೊತ್ತಾಗುತ್ತದೆ. ಮೂರನೆಯದು ಸಂಕೋಚದ ನಿವಾರಣೆ. ಐವತ್ತು ದಾಟಿದವರು ಇಪ್ಪತ್ತರ ತರುಣರ ನಡುವೆ ಕುಳಿತು ತಪ್ಪು ಉಚ್ಚರಿಸಲು ನಾಚುತ್ತಾರೆ. ಫೋನಿನೆದುರು ಆ ನಾಚಿಕೆಯಿಲ್ಲ.

ಮಿತಿಗಳು

ಬಹುಮಾನಕ್ಕೆ ಎರಡು ಮುಖಗಳಿವೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬರೆಯುವ ಆಸಕ್ತಿಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಿದರು. ಮುಂದೆ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ತಾವಾಗಿ ಚಿತ್ರ ಬರೆದರು. ನನಗೂ ಹಾಗೆಯೇ ಆಯಿತು. ಸರಪಳಿ ತುಂಡಾಗದಿರಲೆಂದು ರಾತ್ರಿ ಹನ್ನೆರಡಕ್ಕೆ ಮುನ್ನ ತೀರ ಸುಲಭದ ಪಾಠವೊಂದನ್ನು ಮತ್ತೆ ಒತ್ತಿ ಮಲಗುತ್ತಿದ್ದೆ. ಅಂಕ ಏರುತ್ತಿತ್ತು, ಭಾಷೆ ಅಲ್ಲೇ ನಿಂತಿತ್ತು.

ಕಾಲದ ಲೆಕ್ಕವೂ ಕಠಿಣ. ಯುರೋಪಿನ ಭಾಷಾ ಮಟ್ಟಗಳ ಆರು ಮೆಟ್ಟಿಲುಗಳಲ್ಲಿ ಮೂರನೆಯದಾದ ಬಿ1ರ ವರೆಗೆ ಕಲಿಸಲು ಜರ್ಮನ್ ಸರ್ಕಾರದ ಇಂಟಿಗ್ರೇಶನ್ ಕೋರ್ಸ್ ಸಾಮಾನ್ಯವಾಗಿ 45 ನಿಮಿಷಗಳ 600 ಪಾಠಗಳನ್ನು ನಿಗದಿಪಡಿಸಿದೆ, ಎಂದರೆ 450 ಗಂಟೆ. ದಿನಕ್ಕೆ ಹತ್ತು ನಿಮಿಷದಂತೆ ಅಷ್ಟು ಹೊತ್ತು ಕೂಡಿಸಲು ಏಳು ವರ್ಷಕ್ಕೂ ಹೆಚ್ಚು ಬೇಕು. ವಿದೇಶದಿಂದ ಬಂದ ವೈದ್ಯರಿಗೆ ಬಿ1 ಕೂಡ ಸಾಲದು; ಬಿ2 ಮಟ್ಟದ ಸಾಮಾನ್ಯ ಭಾಷೆ ಮತ್ತು ಸಿ1 ಮಟ್ಟದ ವೈದ್ಯಕೀಯ ಭಾಷೆ ಬೇಕು. ಇದರ ಪರೀಕ್ಷೆಯಲ್ಲಿ ರೋಗಿಯೊಡನೆ ಸಂಭಾಷಣೆ, ವರದಿಯ ಬರವಣಿಗೆ, ವೈದ್ಯರೊಡನೆ ಚರ್ಚೆ ಎಂಬ ಮೂರು ಭಾಗಗಳಿದ್ದು, ಒಂದೊಂದಕ್ಕೂ 20 ನಿಮಿಷ. ಅಲ್ಲಿ ಆರಿಸಿಕೊಳ್ಳಲು ಪದಗಳನ್ನು ಯಾರೂ ಮುಂದಿಡುವುದಿಲ್ಲ.

ಆ ಪರೀಕ್ಷೆಗೆ ಮೊದಲು ಆಸ್ಪತ್ರೆಯೊಂದರಲ್ಲಿ ವೀಕ್ಷಕನಾಗಿದ್ದೆ. ಹಿರಿಯ ವೈದ್ಯರು ರೋಗಿಯ ಪೂರ್ವವೃತ್ತಾಂತ ಕೇಳಲು ನನಗೊಂದು ಅವಕಾಶ ಕೊಟ್ಟರು. ವೃದ್ಧರೊಬ್ಬರು "ಮಿರ್ ಇಸ್ಟ್ ಶ್ಲೆಖ್ಟ್" ಎಂದರು. 'ಶ್ಲೆಖ್ಟ್' ಎಂದರೆ 'ಕೆಟ್ಟದ್ದು' ಎಂದು ನಾನು ಆ್ಯಪ್‌ನಲ್ಲಿ ಕಲಿತಿದ್ದೆ. ಒಟ್ಟಾರೆ ಚೆನ್ನಾಗಿಲ್ಲ ಎನ್ನುತ್ತಿದ್ದಾರೆಂದು ತಿಳಿದು ಮುಂದಿನ ಪ್ರಶ್ನೆಗೆ ಹೋದೆ. ನರ್ಸ್ ನನ್ನನ್ನು ದಾಟಿ ಬಂದು ರೋಗಿಯ ಬಾಯಿಗೆ ಬಟ್ಟಲು ಹಿಡಿದರು. ಅವರು ಹೇಳಿದ್ದು "ನನಗೆ ಹೊಟ್ಟೆ ತೊಳಸುತ್ತಿದೆ" ಎಂದು. ವಯಸ್ಸಾದವರಲ್ಲಿ ಹಾಗೂ ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರಿಯ ವಾಕರಿಕೆಯಾಗಿ ಕಾಣಿಸಿಕೊಳ್ಳುವುದುಂಟು. ಅಂದು ಇಸಿಜಿ ಸರಿಯಾಗಿತ್ತು. ಆದರೂ ಆ ಒಂದು ವಾಕ್ಯವನ್ನು ನಾನು ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ.

ಮಾತೃಭಾಷೆಯ ನೆರವು

ಈ ತಪ್ಪಿನಲ್ಲಿ ಇನ್ನೊಂದು ಪಾಠವಿತ್ತು. 'ಮಿರ್' ಎಂದರೆ 'ನನಗೆ'. ಜರ್ಮನ್ ಭಾಷೆಯಲ್ಲಿ ಚಳಿ, ವಾಕರಿಕೆ, ತಲೆಸುತ್ತು ಮುಂತಾದವನ್ನು ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾನೆ, ಕನ್ನಡದ 'ನನಗೆ ಚಳಿ', 'ನನಗೆ ತಲೆಸುತ್ತು' ಎಂಬಲ್ಲಿ ಬರುವಂತೆಯೇ. 'ವೈಲ್ ಇಶ್ ಕ್ರಾಂಕ್ ಬಿನ್', ಎಂದರೆ 'ನಾನು ಅಸ್ವಸ್ಥನಾಗಿರುವುದರಿಂದ', ಎಂಬಂಥ ಉಪವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷ್ ಮೂಲಕ ಕಲಿಸುವ ಪಾಠದಲ್ಲಿ ಇವು ವಿಚಿತ್ರವಾದ ಅಪವಾದಗಳಂತೆ ತೋರುತ್ತವೆ. ಕನ್ನಡದ ಮೂಲಕ ನೋಡಿದರೆ ಪರಿಚಿತವೆನಿಸುತ್ತವೆ.

ಆದ್ದರಿಂದ ಆ್ಯಪ್ ಬಳಸುವವರಿಗೆ ನನ್ನ ಸಲಹೆ ಸರಳ. ದಿನಕ್ಕೆ ಹದಿನೈದು ನಿಮಿಷ ಪದಗಳಿಗಾಗಿ ಅದನ್ನು ಬಳಸಿ. ಅಂಕಗಳ ಪೈಪೋಟಿಯ ಸೂಚನೆಗಳನ್ನು ನಿಲ್ಲಿಸಿ. ಕಲಿತ ಪದವನ್ನು ಇಡೀ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ, ಅದರ ಪಕ್ಕದಲ್ಲಿ ಕನ್ನಡದ ವಾಕ್ಯವನ್ನೂ ಬರೆದಿಡಿ. ಉಳಿದ ಹೊತ್ತನ್ನು ಮನುಷ್ಯರಿಗೆ ಕೊಡಿ: ಊರಿನ ಫೋಲ್ಕ್ಸ್‌ಹೋಖ್‌ಶೂಲೆಯ ಸಂಜೆ ತರಗತಿ, ನೆರೆಮನೆಯವರು, ಬೇಕರಿಯ ಸಾಲು. ನಾನು ಆ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ವಾರ್ಡಿನ ನರ್ಸ್‌ಗಳು ಊಟದ ಬಿಡುವಿನಲ್ಲಿ ರೋಗಿಗಳಂತೆ ನಟಿಸಿ, ನನ್ನ ತಪ್ಪುಗಳನ್ನು ತಿದ್ದಿದ ಮೇಲೆ.