ಸ್ನಾನಗೃಹದ ನಲ್ಲಿಗಳಲ್ಲಿ ಸವೆದ ಸ್ಕ್ರೂಗಳ ನಿವಾರಣೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಹಿನ್ನೆಲೆ
ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಕುಮುದ್ವತಿ ನದಿಯ ಸೀಮೆಯಲ್ಲಿಯೂ, ಸೊರಬ ದಂಡಾವತಿ ನದಿಯ ಸೀಮೆಯಲ್ಲಿಯೂ ಇವೆ. ಮಳೆಗಾಲದ ದೀರ್ಘ ತೇವದಿಂದ ಕಬ್ಬಿಣದ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಗಡಸು ನೀರು ಬಳಸುವ ಮನೆಗಳಲ್ಲಿ ಬಿಳಿಯ ಲವಣದ ಪದರ ಕಟ್ಟಿಕೊಂಡು ಸ್ಕ್ರೂಗಳು ಬಿಗಿಯುತ್ತವೆ. ಇಂತಹವನ್ನು ಅಳತೆಗೆ ಹೊಂದದ ಸ್ಕ್ರೂಡ್ರೈವರಿನಿಂದ ತಿರುಗಿಸಿದಲ್ಲಿ ತಲೆಯ ಕಚ್ಚು ಸವೆದು, ಒಳಗಿನ ವಾಷರ್ ಬದಲಾಯಿಸಲು ಸಾಧ್ಯವಾಗುವುದಿಲ್ಲ.

ಸೋರಿಕೆಯ ಪ್ರಮಾಣ
ಸೆಕೆಂಡಿಗೆ ಒಂದು ಹನಿಯಂತೆ ಸೋರುವ ನಲ್ಲಿಯಿಂದ ದಿನಕ್ಕೆ 86,400 ಹನಿಗಳು ಬೀಳುತ್ತವೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಗಣಿಸಿದಲ್ಲಿ ಇದು 4 ಲೀಟರಿಗೂ ಅಧಿಕವಾಗಿದ್ದು, ತಿಂಗಳಿಗೆ ಸುಮಾರು 130 ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಕುಟುಂಬಗಳಿಗೆ ನಿಗದಿಪಡಿಸಿದ ಪ್ರಮಾಣ ದಿನಕ್ಕೆ ತಲಾ 55 ಲೀಟರ್. ಅಂದರೆ ಒಬ್ಬರ ಎರಡು ದಿನಗಳ ಪಾಲಿಗಿಂತ ಹೆಚ್ಚು ನೀರು ಒಂದೇ ನಲ್ಲಿಯಿಂದ ವ್ಯರ್ಥವಾಗುತ್ತದೆ.

ಪೂರ್ವಸಿದ್ಧತೆ
1. ಮನೆಯ ಮುಖ್ಯ ವಾಲ್ವ್ ಅಥವಾ ಮೇಲ್ತೊಟ್ಟಿಯ ವಾಲ್ವ್ ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹೊರಬಿಡತಕ್ಕದ್ದು.
2. ಸ್ಕ್ರೂ ಬಿದ್ದು ಹೋಗದಂತೆ ನೀರು ಹೋಗುವ ರಂಧ್ರಕ್ಕೆ ಬಟ್ಟೆ ತುರುಕತಕ್ಕದ್ದು.
3. ಲವಣದ ಪದರಕ್ಕೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಅರ್ಧ ಗಂಟೆಯ ನಂತರ ತೊಳೆಯುವುದು. ತುಕ್ಕು ಇದ್ದಲ್ಲಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಡುವುದು.

ಸ್ಕ್ರೂ ತೆಗೆಯುವ ಕ್ರಮ
ಕೆಳಗಿನ ಕ್ರಮಗಳನ್ನು ಒಂದು ಫಲಿಸದಿದ್ದಲ್ಲಿ ಮಾತ್ರ ಮುಂದಿನದೆಂಬಂತೆ ಅನುಸರಿಸುವುದು.
1. ತಲೆಯ ಮೇಲೆ ಹಳೆಯ ಸೈಕಲ್ ಟ್ಯೂಬಿನ ತೆಳು ತುಂಡನ್ನಿಟ್ಟು, ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ನಿಧಾನವಾಗಿ ಎಡಕ್ಕೆ ತಿರುಗಿಸುವುದು.
2. ತಲೆ ಹೊರಚಾಚಿದ್ದಲ್ಲಿ ಇಕ್ಕಳದಿಂದ ಬಿಗಿಯಾಗಿ ಹಿಡಿದು ತಿರುಗಿಸುವುದು.
3. ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಅಡ್ಡಗೀರು ಕೊರೆದು, ಚಪ್ಪಟೆ ಸ್ಕ್ರೂಡ್ರೈವರ್ ಬಳಸುವುದು.
4. ಇದೂ ಫಲಿಸದಿದ್ದಲ್ಲಿ ನುರಿತ ಕೊಳಾಯಿ ಕೆಲಸಗಾರರಿಂದ ತಲೆಯನ್ನು ಡ್ರಿಲ್ ಮಾಡಿಸುವುದು.

ಎಚ್ಚರಿಕೆ
ಪಿಂಗಾಣಿ ಕಮೋಡ್ ಅಥವಾ ಬೇಸಿನ್ನಿನ ಬಳಿ ಸುತ್ತಿಗೆ ಬಳಸತಕ್ಕದ್ದಲ್ಲ. ಪಿಂಗಾಣಿ ಬಿರುಕು ಬಿಡುತ್ತದೆ. ಒದ್ದೆ ನೆಲದಲ್ಲಿ ವಿದ್ಯುತ್ ತಂತಿಯ ಡ್ರಿಲ್ ಬಳಸುವುದು ಪ್ರಾಣಾಪಾಯಕರ. ಶೌಚಾಲಯ ತೊಳೆಯುವ ಆಸಿಡ್ ನಲ್ಲಿಯ ಹೊಳಪು ಲೇಪವನ್ನು ತಿನ್ನುತ್ತದೆ. ಆಸಿಡ್, ವಿನೆಗರ್ ಅಥವಾ ನಿಂಬೆರಸದೊಂದಿಗೆ ಬ್ಲೀಚಿಂಗ್ ಪುಡಿ ಬೆರೆತಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಮರುಜೋಡಣೆ
ತೆಗೆದ ಸ್ಕ್ರೂವನ್ನು ಮಾದರಿಯಾಗಿ ಅಂಗಡಿಗೆ ಒಯ್ದು, ಅದೇ ಅಳತೆಯ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಪಡೆಯುವುದು. ಹಿತ್ತಾಳೆಯ ನಲ್ಲಿಗೆ ಕಬ್ಬಿಣದ ಸ್ಕ್ರೂ ಹಾಕಿದಲ್ಲಿ ತೇವದಲ್ಲಿ ಕಬ್ಬಿಣವು ಬೇಗನೆ ಸವೆಯುತ್ತದೆ. ಸುರುಳಿಗೆ ಸ್ವಲ್ಪ ಗ್ರೀಸ್ ಸವರಿ, ಅತಿಯಾಗಿ ಬಿಗಿಯದೆ ಜೋಡಿಸುವುದು. ವಾಲ್ವ್ ಅನ್ನು ನಿಧಾನವಾಗಿ ತೆರೆದು ಸೋರಿಕೆ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳುವುದು.

ದೂರು ಸಲ್ಲಿಕೆ
ನೀರಿನ ಮೀಟರ್, ಅದರ ಮೊಹರು ಹಾಗೂ ಬೀದಿಯ ಕೊಳವೆಯ ಜೋಡಣೆಗಳನ್ನು ಬಳಕೆದಾರರು ಸ್ವತಃ ಬಿಚ್ಚತಕ್ಕದ್ದಲ್ಲ. ಅಲ್ಲಿ ಸೋರಿಕೆ ಕಂಡುಬಂದಲ್ಲಿ ಪಟ್ಟಣದ ನಿವಾಸಿಗಳು ತಮ್ಮ ನಗರ ಸ್ಥಳೀಯ ಸಂಸ್ಥೆಗೆ, ಗ್ರಾಮಸ್ಥರು ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಸಲ್ಲಿಸಬಹುದು. ದೂರಿನಲ್ಲಿ ನಲ್ಲಿ ಸಂಪರ್ಕದ ಸಂಖ್ಯೆ, ವಿಳಾಸ ಹಾಗೂ ಸೋರಿಕೆಯ ಸ್ಥಳವನ್ನು ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳುವುದು ಸೂಕ್ತ.