ನಮ್ಮೂರ ಡಾಕ್ಟ್ರ ಹತ್ರ ಕಾರ್ಡ್ ಯಾಕೆ ನಡಿಯಲ್ಲ?

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ. ಯಾವ ಪೇಟೆಯ ಕ್ಲಿನಿಕ್‌ಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: "ಡಾಕ್ಟ್ರೇ, ಆಯುಷ್ಮಾನ್ ಕಾರ್ಡ್ ನಡಿಯುತ್ತಾ?" "ಇಲ್ಲಿ ನಡಿಯಲ್ಲಪ್ಪ" ಅನ್ನುವುದೇ ಉತ್ತರ. ಜೇಬಿನಲ್ಲಿ 5 ಲಕ್ಷದ ಕಾರ್ಡ್ ಇದೆ, ಆದರೂ ಜ್ವರಕ್ಕೆ ಕೈಯಿಂದಲೇ ದುಡ್ಡು.

ಇದರಲ್ಲಿ ಆ ಡಾಕ್ಟರ ತಪ್ಪಿಲ್ಲ, ನಿಮ್ಮ ಕಾರ್ಡೂ ಕೆಟ್ಟಿಲ್ಲ. ಇದರ ಬೇರು ಇಪ್ಪತ್ತು ವರ್ಷಕ್ಕೂ ಹಿಂದಿದೆ.

2002ರ ನವೆಂಬರ್‌ನಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಉದ್ಘಾಟನೆಯಾಯಿತು. 2003ರ ಜೂನ್ 1ರಿಂದ ಚಿಕಿತ್ಸೆ ಶುರು. ಹೃದಯ ವೈದ್ಯ ಡಾ. ದೇವಿ ಶೆಟ್ಟಿ ಅವರ ಆಲೋಚನೆ ಅದು. ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಲೆಕ್ಕ ಸರಳವಾಗಿತ್ತು. ಆಪರೇಷನ್ ಬರುವುದು ಕೆಲವರಿಗೆ, ಆದರೆ ಬಂದವನ ಮನೆ ಮುಳುಗಿಸುತ್ತದೆ. ಜ್ವರ ಎಲ್ಲರಿಗೂ ಬರುತ್ತದೆ. ತಿಂಗಳಿಗೆ 5 ರೂಪಾಯಿಯಲ್ಲಿ ಅದನ್ನೂ ತೂಗಿಸಲು ಆಗುವುದಿಲ್ಲ. ಹಾಗಾಗಿ ಯೋಜನೆ ಆಪರೇಷನ್ನಿಗೇ ನಿಂತಿತು. ಯೋಜನೆಯ ಪಟ್ಟಿಯಲ್ಲಿದ್ದ ಆಸ್ಪತ್ರೆಗೆ ಹೋದರೆ ಡಾಕ್ಟರು ನೋಡುವುದಕ್ಕೆ ಫೀ ಇರಲಿಲ್ಲ, ಔಷಧಿಯ ಖರ್ಚು ನಮ್ಮದೇ.

ಆಮೇಲೆ ಬಂದದ್ದು ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಮಾತ್ರ. 2010ರಲ್ಲಿ ಮೊದಲು ಗುಲ್ಬರ್ಗ ವಿಭಾಗಕ್ಕೆ, ನಂತರ ಬೆಳಗಾವಿ ವಿಭಾಗಕ್ಕೆ ಬಂತು. ನಮ್ಮ ಶಿವಮೊಗ್ಗ ಬೆಂಗಳೂರು ವಿಭಾಗದಲ್ಲಿದೆ, ಪಕ್ಕದ ಹಾವೇರಿ ಬೆಳಗಾವಿ ವಿಭಾಗದಲ್ಲಿ. ಹೀಗಾಗಿ ಹಿರೇಕೆರೂರಿನವರಿಗೆ ಸಿಕ್ಕ ಸೌಲಭ್ಯ ಗಡಿ ದಾಟಿ ಶಿರಾಳಕೊಪ್ಪಕ್ಕೆ ಬರಲು 2012ರವರೆಗೆ ಕಾಯಬೇಕಾಯಿತು. ಯೋಜನೆ ಶುರುವಾದಾಗ ಮುಖ್ಯಮಂತ್ರಿ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪನವರೇ ಆಗಿದ್ದರು.

ಯೋಜನೆ ಬಂದ ಮತ್ತು ಇನ್ನೂ ಬಾರದ ಪ್ರದೇಶಗಳ ಈ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ, ಯೋಜನೆಯೊಳಗಿನ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆ ಇತ್ತು. ಕಾರ್ಡ್ ಜೀವ ಉಳಿಸುತ್ತದೆ ಅನ್ನುವುದರಲ್ಲಿ ಅನುಮಾನ ಬೇಡ. ಆದರೆ ಅದು ಉಳಿಸುವುದು ದೊಡ್ಡಾಸ್ಪತ್ರೆಯ ಹಾಸಿಗೆ ತಲುಪಿದವರನ್ನು.

2018ರಲ್ಲಿ ಇವೆಲ್ಲ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಯಶಸ್ವಿನಿ ಮಾತ್ರ 2022ರಲ್ಲಿ ಮತ್ತೆ ಬೇರೆಯಾಗಿ ಶುರುವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ಗೆ ನಿಗದಿತ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಪಟ್ಟಿ ಉದ್ದವಾಯಿತು, ಆದರೆ ಹಳೇ ಲೆಕ್ಕ ಬದಲಾಗಲಿಲ್ಲ. ಖಾಸಗಿ ಕ್ಲಿನಿಕ್‌ನ ಫೀ, ಮಾತ್ರೆ, ಇಂಜೆಕ್ಷನ್ ಅದರೊಳಗೆ ಬರಲಿಲ್ಲ.

ಹಾಗಾದರೆ ನಮ್ಮ ಫ್ಯಾಮಿಲಿ ಡಾಕ್ಟರು ಯಾರು? ಯೋಜನೆಯ ಲೆಕ್ಕದಲ್ಲಿ ಆ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರದ್ದು. ಅಲ್ಲಿ ತೋರಿಸಿಕೊಳ್ಳಲು ಕಾರ್ಡೇ ಬೇಡ. ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆ ಸೇರಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ದಾರಿ ಶುರುವಾಗುವುದೂ ಇಲ್ಲಿಂದಲೇ.

ಈ ಮೊದಲ ಬಾಗಿಲಿನ ಬೆಲೆ ಸೊರಬದವರಿಗೆ ಹೊಸದಾಗಿ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಹಳ್ಳಿಯವರು ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಕಾಯಿಲೆಗೆ ಇವತ್ತಿಗೂ ನಮ್ಮ ಕ್ಯಾಸನೂರಿನದೇ ಹೆಸರು. ಉಣುಗು ಕಚ್ಚಿ ಬರುವ ಈ ಜ್ವರ ಮೊದಲ ದಿನ ಮಾಮೂಲಿ ಜ್ವರದ ಹಾಗೇ ಇರುತ್ತದೆ. ಆಗ ರಕ್ತ ಪರೀಕ್ಷೆಗೆ ಕಳಿಸುವ ಡಾಕ್ಟರು ಹತ್ತಿರ ಇರಬೇಕು. ಹಾಸಿಗೆಯ ಕಾರ್ಡ್ ಉಪಯೋಗಕ್ಕೆ ಬರುವುದು ಅದಾದ ಮೇಲೆ.

ಹಾಗಾಗಿ ಕಾರ್ಡ್ ನಡೆಯುವ ಕ್ಲಿನಿಕ್ ಹುಡುಕಿ ಅಲೆಯುವುದಕ್ಕಿಂತ, ನಿಮ್ಮ ಊರು ಯಾವ ಆರೋಗ್ಯ ಕೇಂದ್ರಕ್ಕೆ ಸೇರಿದೆ, ಡಾಕ್ಟರು ಯಾವ ಹೊತ್ತಿಗೆ ಇರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಯಾವ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ ಎಂದು ತಿಳಿಯಲು 104 ಅಥವಾ 14555ಕ್ಕೆ ಫೋನ್ ಮಾಡಿ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರೇ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. 5 ಲಕ್ಷದ ಕಾರ್ಡ್ ಹೇಗೆ ನಮ್ಮ ಹಕ್ಕೋ, ಆ ಕುರ್ಚಿಯಲ್ಲೊಬ್ಬ ಡಾಕ್ಟರು ಇರುವುದೂ ನಮ್ಮ ಹಕ್ಕೇ.