ನಡುಗೋಡೆಯ ನ್ಯಾಯ

ಮನೆ ನನ್ನದು, ಮೇಲೊಂದು ಉಪ್ಪರಿಗೆ ಏರಿಸಲು ನಗರಸಭೆಯ ಅಪ್ಪಣೆ ಏತಕ್ಕೆ? ವಾಚಕರೇ, ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಲಂಡನ್ ನಗರದ ಚರಿತ್ರೆಯನ್ನೇ ನೋಡಿ.

1212ರ ದೊಡ್ಡ ಬೆಂಕಿಯ ತರುವಾಯ ಅಲ್ಲಿ ಹುಲ್ಲಿನ ಮಾಡನ್ನು ನಿಷೇಧಿಸಿದರು. ಆದರೆ ಜನ ಹೆಚ್ಚಿದಂತೆ ಮನೆಗಳು ಒಳಗೊಳಗೇ ಹೋಳಾದುವು. ಮರದ ಮಾಳಿಗೆಗಳು ಬೀದಿಯ ಮೇಲಕ್ಕೆ ಚಾಚಿಕೊಂಡುವು. 1580ರಲ್ಲಿ ಎಲಿಜಬೆತ್ ರಾಣಿಯು, ನಗರದ್ವಾರಗಳಿಂದ ಮೂರು ಮೈಲಿಯೊಳಗೆ ಹಿಂದೆ ಮನೆಯಿಲ್ಲದ ನೆಲದಲ್ಲಿ ಮನೆ ಕಟ್ಟಕೂಡದು, ಒಂದು ಮನೆಯಲ್ಲಿ ಒಂದೇ ಸಂಸಾರವಿರಬೇಕು ಎಂದು ಸಾರಿಸಿದಳು. ಜನ ಕೇಳಲಿಲ್ಲ. ಮುಂದೆ ಸ್ಟೂಅರ್ಟ್ ಅರಸರ ಕಾಲದಲ್ಲಿ ಎಷ್ಟೋ ಮಂದಿ ಬೊಕ್ಕಸಕ್ಕೆ ದಂಡ ತೆತ್ತು ಅಂಥ ಕಟ್ಟಡಗಳನ್ನು ಉಳಿಸಿಕೊಂಡರು.

1666ರ ಸೆಪ್ಟೆಂಬರ್ 2ರಂದು ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯಲ್ಲಿ ಹುಟ್ಟಿದ ಬೆಂಕಿ, ಇಕ್ಕಟ್ಟಾದ ಮರದ ಮನೆಗಳ ಸಾಲು ಹಿಡಿದು ಸುಮಾರು 13,200 ಮನೆಗಳನ್ನು ಸುಟ್ಟಿತು. ನಿಯಮಕ್ಕೆ ನಡೆದವನ ಮನೆ, ನಡೆಯದವನ ಮನೆ ಎಂಬ ಭೇದವನ್ನು ಅದು ಎಣಿಸಲಿಲ್ಲ. 1667ರ ಶಾಸನವು ಇಟ್ಟಿಗೆ ಇಲ್ಲವೆ ಕಲ್ಲಿನ ಹೊರಗೋಡೆಯನ್ನು ಕಡ್ಡಾಯ ಮಾಡಿತು. ನೆರೆಮನೆಗಳ ನಡುಗೋಡೆಗೆ ಇಷ್ಟು ದಪ್ಪವೆಂದು ಗೊತ್ತುಪಡಿಸಿತು. ತಪಾಸಣೆಗೆ ಸರ್ವೆಯರುಗಳನ್ನು ನೇಮಿಸುವ ಏರ್ಪಾಡನ್ನೂ ಮಾಡಿತು.

ನಮ್ಮಲ್ಲಿಯೂ 'ಅಕ್ರಮ-ಸಕ್ರಮ' ಎಂಬ ಮಾತುಂಟಷ್ಟೆ. ದಂಡ ಕಟ್ಟಿಸಿಕೊಂಡು ಕಟ್ಟಡಗಳನ್ನು ಕ್ರಮಬದ್ಧಗೊಳಿಸುವ ಕರ್ನಾಟಕದ ಆ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ಹಣ ತೆತ್ತರೆ ಕಾಗದ ಸಕ್ರಮವಾದೀತು. ಭಾರ ತಾಳದ ತಳಪಾಯ ಸಕ್ರಮವಾಗುವುದೇ? ಮಹಡಿ ಏರಿಸುವ ಮುನ್ನ, ವಾಚಕರೇ, ನಡುಗೋಡೆಯ ಆಚೆ ಮಲಗುವವರನ್ನೂ ಒಮ್ಮೆ ನೆನೆಯಿರಿ.